ವಿಮೆ ಕಟ್ಟಿದವರ ಮೇಲೂ ‘ವಿಮೆ ಇಲ್ಲ’ ಎಂಬ ಕೇಸೇ?

ಮಾನ್ಯ ಸಂಪಾದಕರೇ,

ಸಂಚಾರ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಾಗಲೆಲ್ಲ ಪತ್ರಿಕೆಗಳಲ್ಲಿ ಒಂದೇ ಥರದ ಸುದ್ದಿ ಬರುತ್ತದೆ. ಠಾಣೆ ಮುಂದೆ ಜನರ ಸಾಲು, ಇಷ್ಟು ಕೋಟಿ ವಸೂಲು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ನೂರು ಕೋಟಿಗಿಂತ ಜಾಸ್ತಿ ಬಂತು. 2025ರಲ್ಲಿ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಮತ್ತೆ ಅದೇ ರಿಯಾಯಿತಿ ಕೊಟ್ಟರು. ಸಿಗ್ನಲ್ ಹಾರಿದವರು, ಹೆಲ್ಮೆಟ್ ಹಾಕದವರು ಅರ್ಧ ಕಟ್ಟಿ ಹೋದರು, ಸರಿ. ಆದರೆ ಅದೇ ಸಾಲಿನಲ್ಲಿ ತಪ್ಪೇ ಮಾಡದವರೂ ನಿಂತಿದ್ದರು. ‘ಅರ್ಧ ತಾನೇ, ಕಟ್ಟಿ ಬಿಸಾಕೋಣ, ಕೋರ್ಟು ಯಾರಿಗೆ ಬೇಕು’ ಎಂದು ದುಡ್ಡು ಕಟ್ಟಿದವರು ನಮ್ಮ ಊರಿನಲ್ಲೇ ಇದ್ದಾರೆ. ಅವರ ಪರವಾಗಿಯೂ ನನ್ನ ಪರವಾಗಿಯೂ ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಿದೆ. ದಯವಿಟ್ಟು ಪೂರ್ತಿ ಪ್ರಕಟಿಸಿ.

ನಾನು ಹಾಸನ ಜಿಲ್ಲೆಯ ಒಬ್ಬ ನಿವೃತ್ತ ಪೋಸ್ಟ್‌ಮ್ಯಾನ್. ನನ್ನ ಹತ್ತಿರ ಇರುವುದು 2014ರಲ್ಲಿ ತೆಗೆದುಕೊಂಡ ಟಿವಿಎಸ್ ಎಕ್ಸ್‌ಎಲ್ ಗಾಡಿ. ಹಸುಗಳಿಗೆ ಬೂಸಾ, ಹಿಂಡಿ ತರುವುದಕ್ಕೆ, ಡೇರಿಗೆ ಹಾಲು ಹಾಕುವುದಕ್ಕೆ ಅದೇ ಆಧಾರ. ಆವತ್ತೂ ಪೇಟೆಯಿಂದ ಬೂಸಾ ಮೂಟೆ ಮುಂದಿಟ್ಟುಕೊಂಡು ಬರುತ್ತಿದ್ದೆ. ತಲೆ ಮೇಲೆ ಹೆಲ್ಮೆಟ್ ಇತ್ತು. ಸೇತುವೆ ದಾಟಿದ ಮೇಲಿನ ತಿರುವಿನಲ್ಲಿ ಕೈ ಅಡ್ಡ ಹಿಡಿದು ನಿಲ್ಲಿಸಿದರು. ಎಎಸ್‌ಐ ಒಬ್ಬರು ಗಾಡಿ ನಂಬರನ್ನು ಮಷೀನಿಗೆ ಹಾಕಿ ನೋಡಿದರು.

‘ಯಜಮಾನ್ರೇ, ಇನ್ಶೂರೆನ್ಸ್ ಮುಗಿದು ಹೋಗಿದೆಯಲ್ಲ.’

‘ಇಲ್ಲ ಸಾರ್, ಮೊನ್ನೆ ತಾನೇ ಕಟ್ಟಿದೀನಿ. ಮುಗಿಯೋಕೆ ಮುಂಚೆನೇ ಕಟ್ಟಿದೀನಿ.’

ಏಜೆಂಟರು ಫೋನಿಗೆ ಕಳಿಸಿದ್ದ ಪಾಲಿಸಿ ತೆಗೆದು ತೋರಿಸಿದೆ. ಅದರಲ್ಲಿ ಗಾಡಿ ನಂಬರು, ಎಂಜಿನ್ ನಂಬರು, ಚಾಸಿ ನಂಬರು, ದಿನಾಂಕ ಎಲ್ಲಾ ಇತ್ತು. ಮೂಲೆಯಲ್ಲಿ ಕ್ಯೂಆರ್ ಕೋಡ್ ಕೂಡ ಇತ್ತು. ಅವರು ನೋಡಿದರು, ಆದರೆ ಒಪ್ಪಲಿಲ್ಲ. ‘ಫೋನಿನಲ್ಲಿ ಯಾರು ಏನು ಬೇಕಾದರೂ ಮಾಡಿ ತೋರಿಸ್ತಾರೆ. ಮಷೀನಿನಲ್ಲಿ ಬರಬೇಕು. ಸಾವಿರ ಕಟ್ಟಿ, ಇಲ್ಲಾಂದ್ರೆ ಕೋರ್ಟಿಗೆ ಹೋಗಿ ಕಟ್ಕೊಳ್ಳಿ’ ಎಂದರು. ನಾನು ಕಟ್ಟಲಿಲ್ಲ. ವಿಮೆ ಇಲ್ಲದೆ ಗಾಡಿ ಓಡಿಸಿದ್ದೇನೆ ಎಂದು ಬರೆದ ಚೀಟಿ ಕೊಟ್ಟರು. ಅದರ ಮೇಲೆ ಸೆಕ್ಷನ್ 196 ಎಂದಿತ್ತು.

ಆ ಎಎಸ್‌ಐ ಮೇಲೆ ನನಗೆ ಸಿಟ್ಟಿಲ್ಲ. ಬಿಸಿಲಿನಲ್ಲಿ ನಿಂತು ಮಾಡುವ ಕೆಲಸ. ಒಂದೂ ಒರಟು ಮಾತು ಆಡಲಿಲ್ಲ. ಪರದೆ ಮೇಲೆ ಬಂದಿದ್ದನ್ನು ನಂಬಿದರು. ನನ್ನ ತಕರಾರು ಇರುವುದು ಆಮೇಲೆ ನಡೆದಿದ್ದರ ಬಗ್ಗೆ.

ಮಾರನೇ ದಿನ ಪಾಲಿಸಿಯ ಪ್ರಿಂಟು, ಆರ್‌ಸಿ, ಡಿಎಲ್, ಎಮಿಷನ್ ಸರ್ಟಿಫಿಕೇಟ್ ಎಲ್ಲಾ ಹಿಡಿದು ಠಾಣೆಗೆ ಹೋದೆ. ಅಲ್ಲಿದ್ದವರು ಕಾಗದ ತಿರುವಿ ನೋಡಿದರು. ‘ಇನ್ಶೂರೆನ್ಸ್ ಇದೆ, ನಿಮ್ದು ಸರಿಯಾಗೇ ಇದೆ’ ಎಂದು ಅವರೇ ಹೇಳಿದರು. ‘ಆದ್ರೆ ಚಲನ್ ಜನರೇಟ್ ಆಗೋಗಿದೆ. ನಮ್ಮ ಕೈಲಿ ತೆಗೆಯೋಕೆ ಆಗಲ್ಲ. ಕಟ್ಟಿಬಿಡಿ, ಸುಮ್ನೆ ಯಾಕೆ ಓಡಾಡ್ತೀರಿ’ ಎಂದರು. ನಕಲು ತೆಗೆದುಕೊಂಡು ಒಂದು ಸ್ವೀಕೃತಿ ಕೊಡಿ ಎಂದು ಕೇಳಿದೆ. ಅಂಥ ಪದ್ಧತಿ ಇಲ್ಲ ಎಂದರು. ವಿಮೆ ಇದೆ ಎಂದು ಬಾಯಲ್ಲಿ ಒಪ್ಪುತ್ತಾರೆ, ವಿಮೆ ಇಲ್ಲ ಎಂಬ ಕೇಸು ಮಾತ್ರ ಹಾಗೇ ಇರುತ್ತದೆ. ಇದು ಯಾವ ನ್ಯಾಯ?

ನಮ್ಮ ಪಕ್ಕದ ಮನೆಯ ಹುಡುಗಿ ಕಾನೂನು ಓದುತ್ತಿದ್ದಾಳೆ. ‘ತಾತ, ನೀವು ದುಡ್ಡು ಕಟ್ಟಬೇಡಿ, ಒಂದು ನಿಮಿಷ ಇರಿ’ ಎಂದು ಪುಸ್ತಕ ತಂದು ಓದಿ ಹೇಳಿದಳು. ಅವಳು ತೋರಿಸಿದ್ದನ್ನು ಓದುಗರಿಗೆ ತಿಳಿಸುವುದೇ ಈ ಪತ್ರದ ಮುಖ್ಯ ಉದ್ದೇಶ.

ಕೇಂದ್ರ ಮೋಟಾರು ವಾಹನ ನಿಯಮಗಳು 1989ರದ್ದು. ಅದರ 139ನೇ ನಿಯಮದ ಪ್ರಕಾರ, ಸಮವಸ್ತ್ರದಲ್ಲಿರುವ ಪೊಲೀಸರು ಕೇಳಿದಾಗ ಆರ್‌ಸಿ, ಡಿಎಲ್, ವಿಮೆ ಮುಂತಾದ ಕಾಗದ ತೋರಿಸಬೇಕು. ಅದು ನಮ್ಮ ಕರ್ತವ್ಯ. ಆದರೆ ಆ ಹೊತ್ತಿನಲ್ಲಿ ಕಾಗದ ಕೈಯಲ್ಲಿ ಇಲ್ಲದಿದ್ದರೆ ಏನು ಮಾಡಬೇಕು ಎಂಬುದೂ ಅದೇ ನಿಯಮದಲ್ಲಿದೆ. ದೃಢೀಕರಿಸಿದ ನಕಲನ್ನು ಖುದ್ದಾಗಿ ಹೋಗಿ ಕೊಡಬಹುದು. ಇಲ್ಲವೇ ಕೇಳಿದ ದಿನದಿಂದ 15 ದಿನದ ಒಳಗೆ ಆ ಅಧಿಕಾರಿಗೆ ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಬಹುದು. ಮೂಲ ಕಾಯ್ದೆಯಾದ ಮೋಟಾರು ವಾಹನ ಕಾಯ್ದೆಯ 130ನೇ ಸೆಕ್ಷನ್ ಕೂಡ ಹೀಗೆ ಆಮೇಲೆ ಹಾಜರುಪಡಿಸಿದರೆ ಸಾಕು ಎನ್ನುತ್ತದೆ. 2018ರಲ್ಲಿ ಈ ನಿಯಮಕ್ಕೆ ತಿದ್ದುಪಡಿ ತಂದು, ದಾಖಲೆ ಕಾಗದದ ರೂಪದಲ್ಲಿ ಇರಲಿ, ಎಲೆಕ್ಟ್ರಾನಿಕ್ ರೂಪದಲ್ಲಿ ಇರಲಿ, ಎರಡೂ ನಡೆಯುತ್ತದೆ ಎಂದು ಸೇರಿಸಿದರು. ಸರ್ಕಾರದ್ದೇ ಆದ ಡಿಜಿಲಾಕರ್, ಎಂಪರಿವಾಹನ್ ಆ್ಯಪ್‌ಗಳಲ್ಲಿ ತೋರಿಸಿದ್ದನ್ನು ಒಪ್ಪಬೇಕು ಎಂದು ಕೇಂದ್ರ ಸಾರಿಗೆ ಸಚಿವಾಲಯ ಅದೇ ವರ್ಷದ ಆಗಸ್ಟ್‌ನಲ್ಲಿ ರಾಜ್ಯಗಳಿಗೆ ತಿಳಿಸಿತ್ತು.

ವಿಮೆಗೆ ಇನ್ನೂ ಒಂದು ರಕ್ಷಣೆ ಇದೆ. ಮೋಟಾರು ವಾಹನ ಕಾಯ್ದೆಯ 158ನೇ ಸೆಕ್ಷನ್ ನೋಡಿ. ಪೊಲೀಸರು ಕೇಳಿದ ಏಳು ದಿನದ ಒಳಗೆ ವಿಮೆಯ ಸರ್ಟಿಫಿಕೇಟನ್ನು ಠಾಣೆಯಲ್ಲಿ ತೋರಿಸಿದರೆ, ಆ ಹೊತ್ತಿಗೆ ತೋರಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಶಿಕ್ಷೆ ಕೊಡುವ ಹಾಗಿಲ್ಲ. ಯಾವ ಠಾಣೆ? ಗಾಡಿ ಓಡಿಸುವವನು ತಾನೇ ಆ ಪೊಲೀಸ್ ಅಧಿಕಾರಿಗೆ ಹೇಳಿದ ಠಾಣೆ. ಅಂದರೆ ಹಾಸನದವನನ್ನು ಮಂಗಳೂರಿನಲ್ಲಿ ಹಿಡಿದರೆ, ‘ನಾನು ನಮ್ಮೂರ ಠಾಣೆಯಲ್ಲಿ ತೋರಿಸ್ತೀನಿ ಸಾರ್’ ಎನ್ನಬಹುದು. ಬಾಡಿಗೆ ಓಡಿಸುವ ಗಾಡಿಗಳಿಗೆ ಇದು ಹೀಗೇ ಅನ್ವಯಿಸುವುದಿಲ್ಲ. ನಮ್ಮಂಥ ಸ್ವಂತ ಗಾಡಿಯವರಿಗೆ ಅನ್ವಯಿಸುತ್ತದೆ. ನನಗೆ ಇದನ್ನು ಓದಿ ಆಶ್ಚರ್ಯವಾಯಿತು. ಕಾನೂನು ಬರೆದವರು ಬಡವನ ಕಷ್ಟ ಯೋಚಿಸಿಯೇ ಬರೆದಿದ್ದಾರೆ. ರಸ್ತೆ ಮೇಲೆ ಮಾತ್ರ ಅದರ ಸುಳಿವೇ ಇಲ್ಲ.

ಕಾಗದ ಕೈಯಲ್ಲಿ ಇಲ್ಲದಿರುವುದು ಬೇರೆ, ಕಾಗದವೇ ಇಲ್ಲದಿರುವುದು ಬೇರೆ. ಸೆಕ್ಷನ್ 196 ಇರುವುದು ಎರಡನೆಯದಕ್ಕೆ. ಅದು ಸಣ್ಣ ಸೆಕ್ಷನ್ ಅಲ್ಲ. ಮೂರು ತಿಂಗಳವರೆಗೆ ಜೈಲು ಹಾಕಲು ಅವಕಾಶವಿದೆ. ಕಾಯ್ದೆಯಲ್ಲಿ ದಂಡ ಎರಡು ಸಾವಿರ, ಎರಡನೇ ಸಲ ಸಿಕ್ಕಿಬಿದ್ದರೆ ನಾಲ್ಕು ಸಾವಿರ. 2019ರ ಸೆಪ್ಟೆಂಬರ್ 1ರಿಂದ ದೇಶದಲ್ಲಿ ದಂಡ ಏರಿದಾಗ ಜನ ಗಲಾಟೆ ಮಾಡಿದರು. ನಮ್ಮ ಸರ್ಕಾರ ಅದೇ ತಿಂಗಳು ಹಲವು ದಂಡ ಇಳಿಸಿತು. ಹಾಗಾಗಿ ದ್ವಿಚಕ್ರ ವಾಹನಕ್ಕೆ ಸಾವಿರ ಆಗಿದೆ. ಮೊತ್ತ ಕಡಿಮೆ ಆಯಿತು ಅಂತ ಆರೋಪ ಹಗುರ ಆಗುವುದಿಲ್ಲ ಅಲ್ವಾ?

ವಿಮೆ ಇಲ್ಲದೆ ಓಡಿಸುವವರನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. ಅವರನ್ನು ಖಂಡಿತ ಹಿಡಿಯಬೇಕು. ನಾನು ಬೀಟ್ ಮೇಲೆ ಇದ್ದಾಗ ಅಪಘಾತ ಪರಿಹಾರದ ಕೇಸಿನ ರಿಜಿಸ್ಟರ್ ಕಾಗದಗಳನ್ನು ಎಷ್ಟೋ ಮನೆಗಳಿಗೆ ಕೊಟ್ಟಿದ್ದೇನೆ. ಗುದ್ದಿದ ಗಾಡಿಗೆ ವಿಮೆ ಇದ್ದ ಮನೆಗೆ ತಡವಾದರೂ ದುಡ್ಡು ಬರುತ್ತಿತ್ತು. ವಿಮೆ ಇಲ್ಲದ ಟ್ರ್ಯಾಕ್ಟರ್ ಗುದ್ದಿದ್ದ ಒಂದು ಮನೆ ನನಗೆ ಈಗಲೂ ಗೊತ್ತು. ಯಜಮಾನ ಹೋದ. ಪರಿಹಾರ ಕೊಡಬೇಕು ಎಂದು ಕೋರ್ಟು ಹೇಳಿತು. ಟ್ರ್ಯಾಕ್ಟರಿನವನ ಹತ್ತಿರ ಕೊಡುವುದಕ್ಕೆ ಏನೂ ಇರಲಿಲ್ಲ. ಆ ಹೆಂಗಸು ಇಬ್ಬರು ಮಕ್ಕಳನ್ನು ಕೂಲಿ ಮಾಡಿ ಸಾಕಿದಳು. ಪ್ರತಿ ವರ್ಷ ಮರೆಯದೆ ವಿಮೆ ಕಟ್ಟುವವನು ನಾನು. ಆ ಮನೆ ನೋಡಿದ ಮೇಲೆ ಮರೆಯುವುದು ಹೇಗೆ? ಅದಕ್ಕೇ ‘ವಿಮೆ ಇಲ್ಲದೆ ಓಡಿಸಿದವನು’ ಎಂದು ನನ್ನ ಹೆಸರಿನ ಮುಂದೆ ಬರೆದಾಗ ಸಾವಿರ ರೂಪಾಯಿಗಿಂತ ಜಾಸ್ತಿ ನೋವಾಯಿತು.

ಮಷೀನಿನಲ್ಲಿ ಯಾಕೆ ಬರಲಿಲ್ಲ ಎಂದು ಏಜೆಂಟರನ್ನು ಕೇಳಿದೆ. ವಿಮೆ ಕಂಪನಿಯಿಂದ ಮಾಹಿತಿ ಹೋಗಿ ಸರ್ಕಾರದ ‘ವಾಹನ್’ ಎಂಬ ಕಂಪ್ಯೂಟರ್ ದಾಖಲೆಯಲ್ಲಿ ಕೂರುವುದಕ್ಕೆ ಕೆಲವು ಸಲ ದಿನಗಳೇ ಹಿಡಿಯುತ್ತದೆ ಎಂದರು. ಚಾಸಿ ನಂಬರಿನಲ್ಲಿ ಒಂದು ಅಕ್ಷರ ತಪ್ಪಿದರೂ ಅದು ಗಾಡಿ ಜೊತೆ ಸೇರುವುದಿಲ್ಲವಂತೆ. ಇಲ್ಲಿ ಇನ್ನೊಂದು ವಿಷಯ ಗಮನಿಸಬೇಕು. ಸುಪ್ರೀಂ ಕೋರ್ಟ್ ಹೇಳಿದ ಮೇಲೆ, 2018ರ ಸೆಪ್ಟೆಂಬರ್‌ನಿಂದ ಹೊಸ ದ್ವಿಚಕ್ರ ವಾಹನ ತೆಗೆದುಕೊಳ್ಳುವವರು ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಒಟ್ಟಿಗೇ ಕಟ್ಟಬೇಕು. ಶೋರೂಮಿನಲ್ಲೇ ಎಲ್ಲಾ ಮುಗಿಯುತ್ತದೆ. ಅವರಿಗೆ ಐದು ವರ್ಷ ಈ ತಾಪತ್ರಯವೇ ಇಲ್ಲ. ವರ್ಷ ವರ್ಷ ಕಟ್ಟುವವರು ಹಳೇ ಗಾಡಿ ಇಟ್ಟುಕೊಂಡವರು. ಹಾಲು ಹಾಕುವವರು, ಸೊಪ್ಪು ಮಾರುವವರು, ಗಾರೆ ಕೆಲಸದವರು. ಪ್ರತಿ ವರ್ಷ ನವೀಕರಣವಾದ ಮೇಲಿನ ಆ ನಾಲ್ಕಾರು ದಿನ ಇವರೇ ಮಷೀನಿನ ಬಾಯಿಗೆ ಸಿಗುವುದು. ಹೊಸ ಫೋನು, ಡಿಜಿಲಾಕರ್ ಎಲ್ಲಾ ಇರುವುದೂ ಇವರ ಹತ್ತಿರವೇ ಕಡಿಮೆ.

ಬರೀ ಕಾಗದ ನೋಡುವುದಕ್ಕೆ ಗಾಡಿ ನಿಲ್ಲಿಸಬಹುದೇ ಎಂಬ ಪ್ರಶ್ನೆಯೂ ಇದೆ. ಕಣ್ಣಿಗೆ ಕಾಣುವ ಉಲ್ಲಂಘನೆ ಇಲ್ಲದೆ ದಾಖಲೆಗಾಗಿಯೇ ವಾಹನ ತಡೆಯಬಾರದು ಎಂದು 2022ರ ಜೂನ್‌ನಲ್ಲಿ ಆಗ ರಾಜ್ಯದ ಪೊಲೀಸ್ ಮುಖ್ಯಸ್ಥರಾಗಿದ್ದ (ಡಿಜಿ-ಐಜಿಪಿ) ಪ್ರವೀಣ್ ಸೂದ್ ಸಾರ್ವಜನಿಕವಾಗಿಯೇ ಹೇಳಿದ್ದರು. ಕುಡಿದು ಓಡಿಸುವವರ ತಪಾಸಣೆ ಮಾತ್ರ ಬೇರೆ ಎಂದಿದ್ದರು. 2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ ತಪಾಸಣೆಗೆ ಬೈಕ್ ತಡೆದಾಗ ಕೆಳಗೆ ಬಿದ್ದು ಪುಟ್ಟ ಮಗುವೊಂದು ಪ್ರಾಣ ಕಳೆದುಕೊಂಡಿತು. ಆಮೇಲೆ ಪೊಲೀಸ್ ಇಲಾಖೆ ಮತ್ತೆ ಸೂಚನೆ ಹೊರಡಿಸಿತು. ತಿರುವಿನಲ್ಲಿ ಮೂಟೆ ಹೊತ್ತ ಗಾಡಿಗೆ ದಿಢೀರ್ ಅಂತ ಕೈ ಅಡ್ಡ ಹಿಡಿಯುವುದು ಇನ್ನೂ ನಿಂತಿಲ್ಲ.

ಈಗ ದಂಡ ಕಟ್ಟುವ ವಿಷಯ. ರಸ್ತೆಯಲ್ಲಿ ಕಟ್ಟುವ ದುಡ್ಡು ಶಿಕ್ಷೆ ಎಂದೇ ನಾನೂ ತಿಳಿದಿದ್ದೆ. ಅದು ರಾಜಿ. ಕಾಯ್ದೆಯ 200ನೇ ಸೆಕ್ಷನ್ ಪ್ರಕಾರ, ಕೇಸು ಕೋರ್ಟಿಗೆ ಹೋಗುವ ಮುಂಚೆ ಇಷ್ಟು ಮೊತ್ತ ಕೊಟ್ಟು ಮುಗಿಸಿಕೊಳ್ಳಬಹುದು. ಮುಗಿಸಿಕೊಳ್ಳಲೇಬೇಕು ಎಂದು ಎಲ್ಲೂ ಇಲ್ಲ. ತಪ್ಪು ಮಾಡಿದ್ದೀರಿ ಎಂದು ತೀರ್ಮಾನಿಸುವುದು ನ್ಯಾಯಾಧೀಶರ ಕೆಲಸ, ಪೊಲೀಸರದ್ದಲ್ಲ. ಆದರೆ ‘ಕೋರ್ಟಿಗೆ ಹೋಗಿ ಕಟ್ಕೊಳ್ಳಿ’ ಎಂಬ ಮಾತನ್ನು ಹೇಳುವ ರೀತಿಯೇ ಬೆದರಿಕೆ ಥರ ಇರುತ್ತದೆ. ಕೋರ್ಟಿಗೆ ಹೋಗುವುದು ಕಟ್ಟುವುದಕ್ಕಲ್ಲ, ನಾನು ತಪ್ಪು ಮಾಡಿಲ್ಲ ಎಂದು ಹೇಳುವುದಕ್ಕೆ. ಇದನ್ನು ಹೇಳುವವರು ಯಾರೂ ಇಲ್ಲ.

ನಾನು ಒಂದು ಪತ್ರ ಬರೆದೆ. ಚಲನ್ ನಂಬರು, ಗಾಡಿ ನಂಬರು, ನಿಲ್ಲಿಸಿದ ಜಾಗ, ದಿನ, ಹೊತ್ತು ಎಲ್ಲಾ ಹಾಕಿದೆ. 139ನೇ ನಿಯಮದ ಪ್ರಕಾರ ದಾಖಲೆ ಹಾಜರುಪಡಿಸುತ್ತಿದ್ದೇನೆ, ಕೇಸು ಕೈಬಿಡಬೇಕು ಎಂದು ಕೇಳಿದೆ. ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದ ಪಾಲಿಸಿ ನಕಲು ಜೊತೆಗಿಟ್ಟು ಅಂಚೆಗೆ ಹಾಕಿದೆ. ಇಲ್ಲೂ ಒಂದು ತೊಡಕು ಬಂತು. ನಿಯಮದಲ್ಲಿ ಇರುವುದು ರಿಜಿಸ್ಟರ್ ಪೋಸ್ಟ್. 2025ರಲ್ಲಿ ಅಂಚೆ ಇಲಾಖೆ ಅದನ್ನು ಸ್ಪೀಡ್ ಪೋಸ್ಟ್ ಜೊತೆ ಸೇರಿಸಿಬಿಟ್ಟಿದೆ. ಜೀವನವೆಲ್ಲ ರಿಜಿಸ್ಟರ್ ಕಾಗದ ಹಂಚಿದವನು ನಾನು. ಕೌಂಟರಿನಲ್ಲಿ ಅದು ಇಲ್ಲ ಎಂದಾಗ ಮನಸ್ಸಿಗೆ ಒಂಥರಾ ಆಯಿತು. ಸ್ಪೀಡ್ ಪೋಸ್ಟಿನಲ್ಲೇ ವಿಳಾಸದಾರರ ಕೈಗೇ ಕೊಟ್ಟು ಸಹಿ ಪಡೆಯುವ ಸೌಲಭ್ಯ ಇದೆ, ಅದನ್ನೇ ಹಾಕಿಸಿದೆ. ತಲುಪಿದ ದಾಖಲೆಯೂ ಸಿಕ್ಕಿತು. ಠಾಣೆಯಿಂದ ಉತ್ತರ ಬರಲಿಲ್ಲ. ಸಮನ್ಸ್ ಬಂತು.

ಕೋರ್ಟಿನಲ್ಲಿ ಕಂಡಿದ್ದನ್ನು ಮರೆಯಲು ಆಗುವುದಿಲ್ಲ. ಬೆಳಿಗ್ಗೆಯಿಂದ ಕಾಯುತ್ತಿದ್ದ ಜನರಲ್ಲಿ ಹೆಚ್ಚಿನವರು ಕೂಲಿಯವರು. ಹೆಸರು ಕೂಗುತ್ತಾರೆ, ಒಳಗೆ ಹೋಗುತ್ತಾರೆ, ‘ಒಪ್ಕೊಂಡೆ ಸ್ವಾಮಿ’ ಎಂದು ದಂಡ ಕಟ್ಟಿ ಹೊರಗೆ ಬರುತ್ತಾರೆ. ನನ್ನ ಪಕ್ಕ ಕೂತಿದ್ದ ಒಬ್ಬ ಹುಡುಗನ ಹತ್ತಿರ ಆರ್‌ಸಿ ಕಾರ್ಡ್ ಇತ್ತು. ಹಿಡಿದ ದಿನ ಮನೆಯಲ್ಲಿ ಬಿಟ್ಟಿದ್ದನಂತೆ. ಅವನ ಮೇಲಿದ್ದದ್ದು ನೋಂದಣಿ ಇಲ್ಲದ ಗಾಡಿ ಓಡಿಸಿದ ಕೇಸು. ‘ಕಾರ್ಡ್ ತೋರಿಸಪ್ಪ, ಇದೆ ಅಂತ ಹೇಳು’ ಎಂದೆ. ‘ಇಲ್ಲ ಅಣ್ಣಾ, ವಾಯಿದೆ ಹಾಕ್ತಾರೆ. ಇವತ್ತಿನ ಕೂಲಿ ಹೋಗಿದ್ದೇ ಸಾಕು’ ಎಂದ. ಒಪ್ಪಿಕೊಂಡು ಕಟ್ಟಿ ಹೋದ. ವಕೀಲರು ಕೇಳುವ ಫೀಸು ದಂಡಕ್ಕಿಂತ ಜಾಸ್ತಿ. ಅವನದ್ದು ತಪ್ಪು ಎಂದು ಹೇಗೆ ಹೇಳಲಿ?

ನನ್ನ ಹೆಸರು ಬಂದಾಗ ಒಪ್ಪುವುದಿಲ್ಲ ಎಂದೆ. ಅವನು ಹೇಳಿದ ಹಾಗೇ ವಾಯಿದೆ ಬಿತ್ತು. ಕೇಸು ಹಾಕಿದ ಅಧಿಕಾರಿ ಬಂದೋಬಸ್ತ್ ಮೇಲೆ ಹೋಗಿದ್ದರಿಂದ ಮತ್ತೆ ಮುಂದಕ್ಕೆ ಹೋಯಿತು. ನನಗೆ ಪಿಂಚಣಿ ಬರುತ್ತದೆ, ಕಾಯುವುದಕ್ಕೆ ಹೊತ್ತಿದೆ. ಕೊನೆಗೆ ನ್ಯಾಯಾಧೀಶರು ಪಾಲಿಸಿಯ ದಿನಾಂಕ ನೋಡಿದರು, ಚಲನ್ ದಿನಾಂಕ ನೋಡಿದರು. ಆ ಎಎಸ್‌ಐ ಅವರೂ ಪಾಲಿಸಿ ಸರಿಯಾಗಿದೆ ಎಂದು ನೇರವಾಗಿ ಒಪ್ಪಿದರು. ಅದು ಅವರ ದೊಡ್ಡತನ. ಕೇಸಿನಿಂದ ನನ್ನನ್ನು ಬಿಟ್ಟರು. ನೋಡುವುದಕ್ಕೆ ಇದ್ದದ್ದು ಎರಡು ದಿನಾಂಕ ಅಷ್ಟೇ. ಠಾಣೆಯ ಮೇಜಿನ ಮೇಲೇ ಅದನ್ನು ನೋಡಿ ಮುಗಿಸಬಹುದಿತ್ತು. ನ್ಯಾಯಾಲಯದ ಹೊತ್ತು, ಪೊಲೀಸರ ಹೊತ್ತು, ನನ್ನ ಹೊತ್ತು ಎಲ್ಲಾ ಉಳಿಯುತ್ತಿತ್ತು.

ಸಾರಿಗೆ ಸಚಿವರಿಗೆ, ಗೃಹ ಸಚಿವರಿಗೆ ನನ್ನ ಬೇಡಿಕೆ ದೊಡ್ಡದಲ್ಲ. ಚಲನ್ ಚೀಟಿಯ ಮೇಲೆ ಈಗ ದಂಡ ಕಟ್ಟುವುದು ಹೇಗೆ ಎಂದು ಮಾತ್ರ ಅಚ್ಚು ಹಾಕುತ್ತಾರೆ. ಅದರ ಕೆಳಗೆ ಕನ್ನಡದಲ್ಲಿ ಇನ್ನೆರಡು ಸಾಲು ಸೇರಿಸಲಿ. ದಾಖಲೆ ಇದ್ದರೆ 15 ದಿನದ ಒಳಗೆ ತೋರಿಸಬಹುದು, ವಿಮೆಯಾದರೆ ಏಳು ದಿನದ ಒಳಗೆ ನಿಮಗೆ ಅನುಕೂಲವಾದ ಠಾಣೆಯಲ್ಲಿ ತೋರಿಸಬಹುದು ಎಂದು ಬರೆಯಲಿ. ಆ ಅವಧಿ ಮುಗಿಯುವವರೆಗೆ ಸೆಕ್ಷನ್ 196, ನೋಂದಣಿ ಇಲ್ಲದ ಗಾಡಿಗೆ ಹಾಕುವ ಸೆಕ್ಷನ್ 192ರಂಥ ದೊಡ್ಡ ಆರೋಪ ಹಾಕದೆ ಇರಲಿ. ದಾಖಲೆ ತಂದವರಿಗೆ ಠಾಣೆಯಲ್ಲಿ ಸ್ವೀಕೃತಿ ಕೊಡಲಿ, ಪರಿಶೀಲಿಸಿ ಚಲನ್ ರದ್ದು ಮಾಡುವ ಅಧಿಕಾರ ಇನ್‌ಸ್ಪೆಕ್ಟರಿಗೆ ಕೊಡಲಿ. ಪಾಲಿಸಿ ಮೇಲೆ ಕ್ಯೂಆರ್ ಕೋಡ್ ಇರುವಾಗ ಅದನ್ನು ಅಲ್ಲೇ ಸ್ಕ್ಯಾನ್ ಮಾಡಿ ನೋಡುವುದನ್ನು ಪೊಲೀಸರಿಗೆ ಹೇಳಿಕೊಡಲಿ. ಕೇಂದ್ರ ಸರ್ಕಾರ 139ನೇ ನಿಯಮದಲ್ಲಿ ರಿಜಿಸ್ಟರ್ ಪೋಸ್ಟ್ ಎಂದಿರುವ ಕಡೆ ಸ್ಪೀಡ್ ಪೋಸ್ಟ್ ಮತ್ತು ಇಮೇಲ್ ಎಂದು ಸೇರಿಸಲಿ.

ಮುಂದಿನ ಸಲ ಅರ್ಧ ರಿಯಾಯಿತಿ ಘೋಷಿಸುವಾಗ, ಕಾಗದ ಇದ್ದೂ ಕೇಸು ಬಿದ್ದವರಿಗೆ ಬೇರೆ ಕೌಂಟರ್ ಇಡಲಿ. ಅವರಿಗೆ ಅರ್ಧ ದಂಡ ಬೇಡ, ಕೇಸು ಪೂರ್ತಿ ರದ್ದಾಗಬೇಕು.

ಈ ಪತ್ರ ಓದಿದ ಯಾರ ಮೇಲಾದರೂ ಇಂಥದ್ದೇ ಕೇಸು ಇದ್ದರೆ, ದಿನ ಮೀರುವ ಮುಂಚೆ ಠಾಣೆಗೆ ಲಿಖಿತವಾಗಿ ಬರೆಯಿರಿ. ಚಲನ್ ನಂಬರು ಹಾಕಿ, ನಕಲು ಲಗತ್ತಿಸಿ, ಕಳಿಸಿದ ರಸೀದಿಯನ್ನೂ ತಲುಪಿದ ದಾಖಲೆಯನ್ನೂ ಇಟ್ಟುಕೊಳ್ಳಿ. ಕೋರ್ಟಿನಲ್ಲಿ ನನ್ನ ಕೈ ಹಿಡಿದದ್ದು ಆ ರಸೀದಿ ಮತ್ತು ಪಾಲಿಸಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪೋಸ್ಟ್‌ಮ್ಯಾನ್, ಹಾಸನ ಜಿಲ್ಲೆ